ಮಾಲ್ಟಾದಲ್ಲಿ ಅಕ್ಕ ‘ನೋಡೋಣ ಬಿಡಿ’ ಅಂದದ್ದು

ಭದ್ರಾವತಿ

ನಮ್ಮ ಅಕ್ಕ ಅನ್ನಮ್ಮ ಸಮುದ್ರ ದಾಟಿದ್ದು ಒಂದು ಹಿಡಿ ಅಕ್ಕಿಯ ಸಲುವಾಗಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಶಿವಮೊಗ್ಗದಲ್ಲಿ ಹಬ್ಬಿರುವ ಸುದ್ದಿಯೇ ಬೇರೆ. ಅಕ್ಕ ಪೋಪರನ್ನು ಕಂಡಳಂತೆ, ಅವರಿಗೆ ಮಿಡಿ ಉಪ್ಪಿನಕಾಯಿ ಕೊಟ್ಟಳಂತೆ, ಅವರು ಇನ್ನೊಂದು ಭರಣಿ ಕಳಿಸಮ್ಮ ಅಂದರಂತೆ. ನಾವು ರೋಮಿನ ಕಡೆ ತಲೆ ಹಾಕಿ ಕೂಡ ಮಲಗಲಿಲ್ಲ. ಹೋದದ್ದು ಮಾಲ್ಟಾ ಎಂಬ ದ್ವೀಪಕ್ಕೆ. ಅಕ್ಕನ ಜೊತೆ ದುಭಾಷಿಯಾಗಿ ನಾನೂ ಹೋಗಿದ್ದೆ. ದುಭಾಷಿಯ ಕೆಲಸ ಎಷ್ಟು ಮಾಡಿದೆ ಎಂಬುದು ಮುಂದೆ ನಿಮಗೇ ಗೊತ್ತಾಗುತ್ತದೆ.

ಅಕ್ಕ ಇರುವುದು ಭದ್ರಾವತಿಯಲ್ಲಿ, ಕಬ್ಬಿಣದ ಕಾರ್ಖಾನೆಯವರ ಸಾಲುಮನೆಗಳಲ್ಲಿ. ಭಾವ ಕುಲುಮೆಯ ಕೆಲಸದವರು. ಆ ಸಾಲಿನಲ್ಲಿ ಒಂದು ಮನೆಯಲ್ಲಿ ತಮಿಳಿನಲ್ಲಿ ಜಗಳವಾದರೆ ಪಕ್ಕದ ಮನೆಯವರು ತೆಲುಗಿನಲ್ಲಿ ಬಿಡಿಸುತ್ತಾರೆ, ಮಧ್ಯೆ ಅಕ್ಕ ಕನ್ನಡದಲ್ಲಿ ಇಬ್ಬರಿಗೂ ಬೈಯುತ್ತಾಳೆ. ಕೆಲವು ವರ್ಷಗಳ ಹಿಂದೆ ಕಾರ್ಖಾನೆಗೆ ಮಾಲ್ಟಾದ ಫಿಟ್ಟರ್ ಒಬ್ಬ ಬಂದಿದ್ದ. ಅವನ ಊರಿನಲ್ಲಿ ರೊಟ್ಟಿ ಅಂಗಡಿಯ ವಿಧವೆಯೊಬ್ಬಳು ಕಟ್ಟಿದ ಒಂದು ಸಂಘವಿತ್ತು. ಅದರಲ್ಲಿ ಪಾದ್ರಿಗಳಿಲ್ಲ, ಕನ್ಯಾಸ್ತ್ರೀಯರಿಲ್ಲ. ಮನೆ, ಮಕ್ಕಳು, ಸಾಲ, ಶೀತ, ಕೆಮ್ಮು ಎಲ್ಲ ಇರುವ ಸಾಧಾರಣ ಕಥೋಲಿಕರ ಸಂಘ. ಹೆಸರು ನೆರೆಯವರ ಸಂಘ. ಪಕ್ಕದ ಮನೆಯಲ್ಲಿ ಕಾಯಿಲೆಯಾದರೆ, ಸಾವಾದರೆ, ಹೋಗಿ ಅವರ ಜೊತೆ ಕೂತುಕೊಳ್ಳುವುದು ಸಂಘದ ಕೆಲಸ. ಉಪದೇಶ ಮಾಡುವ ಹಾಗಿಲ್ಲ, ಸುಮ್ಮನೆ ಕೂರಬೇಕು. ಫಿಟ್ಟರ್ ಇದನ್ನು ವಿವರಿಸಿದಾಗ ಅಕ್ಕನಿಗೆ ನಗು ಬಂತಂತೆ.

“ಇದಕ್ಕೂ ಒಂದು ಸಂಘ ಬೇಕಾ ಮಾರಾಯ? ನಾವು ದಿನಾ ಮಾಡೋದೇ ಅದು.”

ಆದರೂ ಶಾಖೆ ಶುರುವಾಯಿತು. ಫಿಟ್ಟರ್ ಊರಿಗೆ ಹೋದ, ಅಕ್ಕ ಅಧ್ಯಕ್ಷೆಯಾಗಿ ಉಳಿದಳು.

ಆ ಸಂಘಕ್ಕೆ ವಿಶ್ವ ಮಿಷನ್ ಎಂದು ಒಂದಿತ್ತು. ಅಂದರೆ ದೇಶ ದೇಶಗಳಲ್ಲಿ ಹೊಸ ಶಾಖೆ ತೆಗೆಯುವುದು, ಅದಕ್ಕೆ ಎಲ್ಲ ಶಾಖೆಯವರೂ ತಮ್ಮ ಕೈಲಾದ್ದು ಕಳಿಸುವುದು. ಸಾಲುಮನೆಯ ಹೆಂಗಸರ ಕೈಯಲ್ಲಿ ದುಡ್ಡೆಲ್ಲಿಂದ ಬರಬೇಕು? ಅಕ್ಕ ಹಿಡಿ ಅಕ್ಕಿಯ ಪದ್ಧತಿ ಮಾಡಿದಳು. ಅನ್ನಕ್ಕೆ ಅಕ್ಕಿ ತೊಳೆಯುವ ಮೊದಲು ಒಂದು ಹಿಡಿ ತೆಗೆದು ಬೇರೆ ಇಡುವುದು, ಭಾನುವಾರ ಪೂಜೆ ಮುಗಿದ ಮೇಲೆ ಎಲ್ಲರದ್ದನ್ನೂ ಒಟ್ಟು ಮಾಡಿ ಮಾರುವುದು. ಪಕ್ಕದ ಮನೆಯ ಫಾತಿಮಾಬಿ ಇದನ್ನು ನೋಡಿ ತಾನೂ ಒಂದು ಹಿಡಿ ತಂದು ಹಾಕತೊಡಗಿದಳು. ಭಾವನಿಗೆ ವಿಷಮಜ್ವರ ಬಂದು ಬದುಕುವುದೇ ಅನುಮಾನ ಎಂದಾಗ ಅಕ್ಕನ ಪಕ್ಕ ಬಂದು ಕೂತವಳು ಅವಳು. ಹಾಗಾಗಿ ಸಂಘದ ಕೆಲಸ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಷ್ಟರಲ್ಲಿ ಮಾಲ್ಟಾದಿಂದ ಒಂದು ಹೊಸ ನಿಯಮ ಬಂತು. ನಾನು ಶಿವಮೊಗ್ಗದ ಮಿಷನ್ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರು. ಆದ್ದರಿಂದ ಅದನ್ನು ಓದಿ ಹೇಳುವ ಭಾಗ್ಯ ನನ್ನದಾಯಿತು. ಮಿಷನ್ನಿಗೆ ಸದಸ್ಯರ ಕಾಣಿಕೆ ಮಾತ್ರ ಸಲ್ಲತಕ್ಕದ್ದು, ಹೊರಗಿನವರದ್ದನ್ನು ವಿನಯದಿಂದ ನಿರಾಕರಿಸತಕ್ಕದ್ದು.

“ಹೊರಗಿನವರು ಅಂದ್ರೆ ಯಾರೋ ಇನ್ನಾಸಿ?” ಅಕ್ಕ ಕೇಳಿದಳು.

“ಕಥೋಲಿಕರಲ್ಲದವರು.”

“ಫಾತಿಮಾಬಿ?”

“ಹೊರಗಿನವಳು.”

“ಅವಳ ಮನೆಗೂ ನಮ್ಮನೆಗೂ ಒಂದೇ ಗೋಡೆ ಕಣೋ. ಅವಳು ಹೊರಗಿನವಳು ಹೆಂಗಾಗ್ತಾಳೆ?”

ಅಕ್ಕ ಯಾರಿಗೆ ಬೇಕಾದರೂ ಏನು ಬೇಕಾದರೂ ಹೇಳಬಲ್ಲವಳು. ಪಾದ್ರಿಗಳಿಗೇ ಪ್ರಸಂಗ ಉದ್ದವಾಯಿತು ಎಂದು ಹೇಳಿದವಳು. ಆದರೆ ‘ನಿನ್ನ ಅಕ್ಕಿ ಬೇಡ’ ಎಂಬ ಮಾತು ಮಾತ್ರ ಅವಳ ಬಾಯಿಂದ ಹೊರಡಲಿಲ್ಲ. ಫಾತಿಮಾಬಿ ದಿನವೂ ಹಿಡಿ ತರುತ್ತಿದ್ದಳು, ಅಕ್ಕ ದಿನವೂ ನಗುನಗುತ್ತ ತೆಗೆದುಕೊಂಡು ಅದನ್ನು ಗುಟ್ಟಾಗಿ ಬೇರೆ ಇಡುತ್ತಿದ್ದಳು. ಹೀಗೆ ಎಷ್ಟು ದಿನ ನಡೆಯುತ್ತದೆ? ಅಕ್ಕನಿಗೆ ಊಟ ಸೇರದಂತಾಯಿತು.

ಆಗ ಮಾಲ್ಟಾದಲ್ಲಿ ಸಂಘದ ವಿಶ್ವ ಸಭೆ ಎಂದು ಕರೆ ಬಂತು. ದೂರದ ಶಾಖೆಯ ಅಧ್ಯಕ್ಷರಿಗೂ ಜೊತೆಗೊಬ್ಬ ದುಭಾಷಿಗೂ ಹಡಗಿನ ಟಿಕೆಟ್ಟನ್ನು ಅವರೇ ಕಳಿಸುತ್ತಿದ್ದರು. ಅಕ್ಕ ಹೋಗುವುದಿಲ್ಲ ಎಂದೇ ಎಲ್ಲರೂ ಎಣಿಸಿದ್ದೆವು. ಭದ್ರಾ ಹೊಳೆಯನ್ನು ದೋಣಿಯಲ್ಲಿ ದಾಟಿದರೆ ಜಪಸರ ಹಿಡಿದುಕೊಳ್ಳುವ ಹೆಂಗಸು ಅವಳು.

“ಹೋಗ್ತೀನಿ,” ಎಂದಳು. “ಹೋಗಿ ಆ ಮಾತನ್ನ ವಾಪಸ್ ತಗೊಳ್ಳಿ ಅಂತ ಹೇಳ್ತೀನಿ. ಫಾತಿಮಾಬಿಗೆ ಹೇಳೋದಕ್ಕಿಂತ ಅದೇ ಸುಲಭ.”

ಭಾವ ಉಪ್ಪಿನಕಾಯಿ ಎಲ್ಲಿದೆ ಎಂದು ಕೇಳಿ ತಿಳಿದುಕೊಂಡರು. ಫಾತಿಮಾಬಿಗೆ ಸಂಘದ ಏನೋ ಕೆಲಸ ಎಂದಷ್ಟೇ ಹೇಳಿದೆವು. ಅವಳು ಸ್ಟೇಷನ್ನಿಗೆ ಬಂದು ದಾರಿಗೆಂದು ರೊಟ್ಟಿ ಕಟ್ಟಿಕೊಟ್ಟಳು. ಅಕ್ಕ ಬೀರೂರಿನವರೆಗೂ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಮೂಗು ಒರೆಸಿಕೊಳ್ಳುತ್ತ ಕೂತಿದ್ದಳು.

ಹಡಗು

ಹಡಗಿನಲ್ಲಿ ಮೊದಲು ಮಲಗಿದವನು ನಾನು. ಬೊಂಬಾಯಿ ಇನ್ನೂ ಕಣ್ಣಿಗೆ ಕಾಣುತ್ತಿರುವಾಗಲೇ ನನ್ನ ಹೊಟ್ಟೆ ತೊಳಸತೊಡಗಿತು. ಜಪಸರ ಹಿಡಿಯಬೇಕಾಗಿದ್ದ ಅಕ್ಕ ಮಾತ್ರ ಎರಡು ಹೊತ್ತೂ ಗಡದ್ದಾಗಿ ಉಂಡು, ಹಡಗಿನ ಅಡುಗೆಮನೆ ಎಲ್ಲಿದೆ ಎಂದು ಹುಡುಕಿಕೊಂಡು ಹೋದಳು. ಅಲ್ಲಿದ್ದ ಅಡುಗೆಯವನು ಗೋವೆಯವನು. ಅವನಿಂದ ದಿನಕ್ಕೊಂದು ಹಿಡಿ ಅಕ್ಕಿ ವಸೂಲು ಮಾಡತೊಡಗಿದಳು.

“ನೀನೇನು ಇಲ್ಲಿ ಅಡುಗೆ ಮಾಡ್ತಿಲ್ವಲ್ಲ ಅಕ್ಕ,” ಎಂದು ಬಿದ್ದಲ್ಲಿಂದಲೇ ಹೇಳಿದೆ.

“ಊಟ ಮಾಡ್ತಿದ್ದೀನಲ್ಲ. ನೀನು ಮಾಡ್ತಿಲ್ಲ, ನಿನ್ನ ಪಾಲಿಂದೂ ತಗೊಂಡಿದ್ದೀನಿ.”

ಚೀಲ ತುಂಬುವುದನ್ನು ನೋಡಿ ಹಡಗಿನ ಉಳಿದ ಹೆಂಗಸರಿಗೆ ಕುತೂಹಲವಾಯಿತು. ಚಿಕ್ಕಮಗಳೂರು ಕಡೆಯ ಕಾಫಿ ತೋಟದ ದೊರೆಸಾನಿಯೊಬ್ಬಳು ಇದ್ದಳು. ಆಕೆಗೆ ಅಕ್ಕಿ ಎಲ್ಲಿ ಸಿಗಬೇಕು? ಚಹಾದ ಜೊತೆ ಬಂದ ಬಿಸ್ಕತ್ತಿನಲ್ಲಿ ಒಂದು ಹಿಡಿ ತಂದು ಹಾಕಿದಳು. ಮರುದಿನ ಇನ್ನೊಬ್ಬಳು ಒಣದ್ರಾಕ್ಷಿ ಹಾಕಿದಳು. ಏಡನ್ ಬರುವ ಹೊತ್ತಿಗೆ ನಮ್ಮ ವಿಶ್ವ ಮಿಷನ್ನಿಗೆ ಇರುವೆ ಮುತ್ತಿಕೊಂಡಿತ್ತು.

ಪೋರ್ಟ್ ಸೈದ್‌ನಲ್ಲಿ ಇಳಿದು ಒಂದು ಜೊತೆ ಚರ್ಮದ ಚಪ್ಪಲಿ ಕೊಂಡೆ. ಅಂಗಡಿಯವನು ಒಂಟೆಯ ಚರ್ಮ ಎಂದು ಆಣೆ ಮಾಡಿದ್ದ. ಹಡಗಿನ ಮೇಲ್ಗಡೆ ತೊಳೆಯಲು ಸುರಿದಿದ್ದ ನೀರಿನಲ್ಲಿ ನಾಲ್ಕು ಹೆಜ್ಜೆ ಹಾಕಿದೆ. ಅವು ರಟ್ಟಿನವು ಎಂದು ಆಗ ತಿಳಿಯಿತು. ಅಕ್ಕ ಆ ದಿನವಿಡೀ ನನ್ನ ಮುಖ ನೋಡಿದಾಗಲೆಲ್ಲ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು.

ಮಾಲ್ಟಾದ ಬಂದರು

ಸುಂಕದ ಕಟ್ಟೆಯಲ್ಲಿ ಅಧಿಕಾರಿ ಚೀಲ ಬಿಚ್ಚಿಸಿದ. ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದ. ಅಕ್ಕಿ ಎಂದೆ. ಯಾತಕ್ಕೆ ಎಂದ.

“ಏನಂತೆ ಅವನಿಗೆ?” ಎಂದಳು ಅಕ್ಕ.

“ಈ ಅಕ್ಕಿ ಯಾತಕ್ಕೆ ಅಂತಾನೆ.”

“ವಿಶ್ವ ಮಿಷನ್ ಅಂತ ಹೇಳು.”

ಹಾಗೇ ಹೇಳಿದೆ. ಅವನು ಇನ್ನೊಬ್ಬನನ್ನು ಕರೆದ. ಇಬ್ಬರೂ ಮೊಣಕೈವರೆಗೆ ಕೈ ಹಾಕಿ ಚೀಲದೊಳಗೆ ವಿಶ್ವ ಮಿಷನ್ನನ್ನು ಹುಡುಕಿದರು. ಅರ್ಧ ಬಿಸ್ಕತ್ತು ಸಿಕ್ಕಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಅದನ್ನು ವಾಪಸ್ ಹಾಕಿದರು.

ಮಾಲ್ಟಾದಲ್ಲಿ ಮರ ಕಡಿಮೆ, ಮೆಟ್ಟಿಲು ಜಾಸ್ತಿ. ಮನೆ, ಬೀದಿ, ಗೋಡೆ ಎಲ್ಲ ಒಂದೇ ಹಳದಿ ಕಲ್ಲು. ಹೆಂಗಸರು ತಲೆಯ ಮೇಲೆ ದೊಡ್ಡದೊಂದು ಕರಿ ಮುಸುಕು ಹೊದ್ದು ನಡೆಯುತ್ತಾರೆ, ಗಾಳಿ ಬಂದರೆ ಅದು ಕೊಡೆಯಂತೆ ಉಬ್ಬುತ್ತದೆ. ಸಾಗುವಾನಿ, ಬೀಟೆ ನೋಡಿ ಬೆಳೆದ ಅಕ್ಕ ಇವರು ಒಲೆಗೆ ಏನು ಹಾಕುತ್ತಾರೆ ಎಂದು ದಾರಿಯುದ್ದಕ್ಕೂ ಚಿಂತೆ ಮಾಡಿದಳು.

ನಮ್ಮನ್ನು ಇಳಿಸಿಕೊಂಡವರು ಕಾರ್ಮೆನಾ ಅಜ್ಜಿ. ಸಂಘ ಕಟ್ಟಿದ ರೊಟ್ಟಿ ಅಂಗಡಿಯ ವಿಧವೆಯ ಮಗಳು, ಈಗ ಸಂಘದ ಹಿರಿಯಳು. ಮನೆ ಮೂರನೆಯ ಮಹಡಿಯಲ್ಲಿ. ಮರುದಿನ ಬೆಳಿಗ್ಗೆ ಕಣ್ಣು ಬಿಟ್ಟರೆ ನನ್ನ ಮುಖದ ಮೇಲೆ ಒಂದು ಮೇಕೆ ಉಸಿರಾಡುತ್ತಿತ್ತು. ಆ ಊರಿನಲ್ಲಿ ಹಾಲನ್ನು ಮನೆಗೆ ತರುವುದಿಲ್ಲ, ಮೇಕೆಯನ್ನೇ ತರುತ್ತಾರೆ. ಅದು ತಾನಾಗಿ ಮಹಡಿ ಹತ್ತಿ ಬಂದು, ಕರೆಸಿಕೊಂಡು, ಇಳಿದು ಪಕ್ಕದ ಮನೆಗೆ ಹೋಗುತ್ತದೆ. ಶಿವಮೊಗ್ಗದಲ್ಲಿ ನಮಗೆ ಹಾಲು ಹಾಕುವವನು ಇದನ್ನು ನೋಡಬೇಕಿತ್ತು, ನೀರು ಎಲ್ಲಿ ಬೆರೆಸಲಿ ಎಂದು ದಿಕ್ಕೆಟ್ಟು ಕೂರುತ್ತಿದ್ದ.

ಸಂಜೆ ಅಜ್ಜಿಯ ಮನೆಯಲ್ಲಿ ಜಪಸರ. ನಾವು ನಮ್ಮ ಭಾಷೆಯಲ್ಲಿ, ಅವರು ಅವರ ಭಾಷೆಯಲ್ಲಿ. ನಡುವೆ ಅಕ್ಕ ನನ್ನ ಪಕ್ಕೆ ತಿವಿದಳು.

“ಇವರು ಅಲ್ಲಾ ಅಂದ್ರು.”

ನಿಜ. ಮಾಲ್ಟಾದ ಕಥೋಲಿಕರು ದೇವರನ್ನು ಕರೆಯುವುದೇ ‘ಅಲ್ಲಾ’ ಎಂದು. ಅವರ ಮಾತಿನಲ್ಲಿ ಅರಬ್ಬಿಯ ಬೇರು ಬಹಳ. ಮಾತೆ ಮರಿಯಳು ಅವರಿಗೆ ಸುಲ್ತಾನಾ. ಜಗತ್ತು ದಿನ್ಯಾ, ನಮ್ಮ ಬಜಾರಿನ ದುನಿಯಾದ ತಂಗಿ. ಸಾಬೂನು ಹೆಚ್ಚುಕಡಿಮೆ ಸಾಬೂನೇ. ನನ್ನ ಇಂಗ್ಲಿಷನ್ನು ಬದಿಗಿಟ್ಟು, ಫಾತಿಮಾಬಿಯಿಂದ ಕಲಿತ ಹತ್ತಾರು ಮಾತಿನಲ್ಲೇ ಅಕ್ಕ ಅಜ್ಜಿಯ ಜೊತೆ ಸಂಸಾರ ಶುರು ಮಾಡಿದಳು. ನಾನು ಬಂದದ್ದೇ ದಂಡವಾಯಿತೇನೋ ಎಂದು ನನಗೆ ಆಗಲೇ ಸಣ್ಣಗೆ ಉರಿಯಿತು.

ಸೈತಾನನ ಗಡಿಯಾರ

ಸಭೆಯ ದಿನ ಅಕ್ಕ ಅಜ್ಜಿಯ ಜೊತೆ ಮುಂದೆ ಹೋದಳು. ನಾನು ಊರು ನೋಡಿಕೊಂಡು ಸರಿಯಾದ ಹೊತ್ತಿಗೆ ಬರುತ್ತೇನೆ ಎಂದು ಹೊರಟೆ. ಸಮುದ್ರಯಾನದಲ್ಲಿ ನನ್ನ ಕೈಗಡಿಯಾರ ದಾರಿ ತಪ್ಪಿತ್ತು. ಚರ್ಚಿನ ಎದುರು ನಿಂತು ನೋಡಿದರೆ ಎರಡು ಗೋಪುರ, ಎರಡು ಗಡಿಯಾರ. ಎರಡೂ ಬೇರೆ ಬೇರೆ ಹೊತ್ತು ತೋರಿಸುತ್ತಿದ್ದವು. ಹೆಚ್ಚು ಲಕ್ಷಣವಾಗಿದ್ದುದನ್ನು ನಂಬಿ ನನ್ನದನ್ನು ತಿರುಗಿಸಿಕೊಂಡೆ, ಇನ್ನೂ ಬೇಕಾದಷ್ಟು ಹೊತ್ತಿದೆ ಎಂದು ಕಾಫಿ ಕುಡಿದೆ, ದೋಣಿಗಳನ್ನು ನೋಡಿದೆ, ಮತ್ತೊಂದು ಕಾಫಿ ಕುಡಿದೆ.

ಆ ಊರಿನಲ್ಲಿ ಚರ್ಚಿಗೆ ಎರಡು ಗಡಿಯಾರ ಇಡುವುದು ಪದ್ಧತಿಯಂತೆ. ಒಂದು ಜನರಿಗೆ. ಇನ್ನೊಂದು ಸೈತಾನನಿಗೆ, ಅವನು ಪೂಜೆಯ ಹೊತ್ತು ತಿಳಿಯದೆ ಗಲಿಬಿಲಿಯಾಗಲಿ ಎಂದು ಬೇಕೆಂತಲೇ ತಪ್ಪು ತೋರಿಸುವುದು. ಇಷ್ಟು ವರ್ಷದಲ್ಲಿ ಸೈತಾನ ಎಷ್ಟು ಸಲ ಮೋಸ ಹೋದನೋ, ಶಿವಮೊಗ್ಗದ ಇಂಗ್ಲಿಷ್ ಮೇಷ್ಟ್ರಂತೂ ಹೋದರು.

ನಾನು ಸಭೆಯ ಬಾಗಿಲಿಗೆ ಬಂದಾಗ ಒಳಗೆ ಚಪ್ಪಾಳೆಯೋ ಚಪ್ಪಾಳೆ. ಅಕ್ಕ ಎದ್ದು ನಿಂತು ಎಲ್ಲರಿಗೂ ಕೈ ಮುಗಿಯುತ್ತಿದ್ದಾಳೆ. ಅವಳ ಸೀರೆಗೆ ಯಾರೋ ನೀಲಿ ರಿಬ್ಬನ್ ಚುಚ್ಚುತ್ತಿದ್ದಾರೆ. ಅವಳ ಪಕ್ಕದಲ್ಲಿ, ನನ್ನ ಕುರ್ಚಿಯಲ್ಲಿ, ಬಿಳಿ ಗಡ್ಡದ ಒಬ್ಬ ಪಾದ್ರಿ.

ಈ ಪಾದ್ರಿಗಳು ಹರೆಯದಲ್ಲಿ ಮಂಗಳೂರಿನಲ್ಲಿದ್ದು ಪುಸ್ತಕದಿಂದ ಕನ್ನಡ ಕಲಿತವರು. ಮುಪ್ಪಿನಲ್ಲಿ ಮಾಲ್ಟಾಕ್ಕೆ ಬಂದು ಸೇರಿದ್ದರು. ಕನ್ನಡದ ಹೆಂಗಸು ಬಂದಿದ್ದಾಳೆ, ದುಭಾಷಿಯ ಪತ್ತೆಯಿಲ್ಲ ಎಂದು ತಿಳಿದು ಸಂತೋಷದಿಂದ ಓಡಿಬಂದಿದ್ದರು.

“ಎಲೈ ಸಹೋದರನೇ,” ಎಂದರು ನನ್ನನ್ನು ಕಂಡು, “ತಾವು ವಿಳಂಬವಾಗಿ ಆಗಮಿಸಿದಿರಿ. ಚಿಂತಿಸತಕ್ಕದ್ದಿಲ್ಲ. ಸಕಲವೂ ಸಾಂಗವಾಗಿ ನೆರವೇರಿತು.”

“ಏನಾಯ್ತು ಅಕ್ಕ?” ಎಂದು ಕಿವಿಯಲ್ಲಿ ಕೇಳಿದೆ.

“ಏನಿಲ್ಲ ಕಣೋ. ವಿಶ್ವ ಮಿಷನ್ನಿನ ಮುಂದಾಳ್ತನ ಯಾರು ತಗೊಳ್ತೀರಿ ಅಂತ ಒಬ್ಬೊಬ್ಬರನ್ನೇ ಕೇಳ್ತಾ ಬಂದ್ರು. ಎಲ್ರೂ ಆಗಲ್ಲ ಆಗಲ್ಲ ಅಂತ ಒಂದೊಂದು ಕಾರಣ ಹೇಳಿದ್ರು. ಮುಖಕ್ಕೆ ಹೊಡೆದ ಹಾಗೆ ಹೇಳೋದು ಸರಿ ಅಲ್ಲ ಅಂತ ನಾನು ಮರ್ಯಾದೆಯಾಗಿ ‘ನೋಡೋಣ ಬಿಡಿ’ ಅಂದೆ. ಪಾಪ, ಎಷ್ಟು ಖುಷಿಪಟ್ರು ನೋಡು.”

ಪಕ್ಕದಲ್ಲಿದ್ದ ಹಡಗುಕಟ್ಟೆಯ ಗುಮಾಸ್ತನನ್ನು ಇಂಗ್ಲಿಷಿನಲ್ಲಿ ವಿಚಾರಿಸಿದೆ. ಪಾದ್ರಿಗಳು ಪದಕ್ಕೆ ಪದ ಸರಿಯಾಗಿಯೇ ಭಾಷಾಂತರ ಮಾಡಿದ್ದರು: ‘ಅದನ್ನು ನಮಗೆ ಬಿಡಿ, ನಾವು ನೋಡಿಕೊಳ್ಳೋಣ ಎನ್ನುತ್ತಾಳೆ.’ ಎಲ್ಲ ದೇಶದವರೂ ಹಿಂದೆ ಸರಿದ ಮೇಲೆ ಭದ್ರಾವತಿಯಿಂದ ಬಂದ ಒಬ್ಬ ಬಡ ಹೆಂಗಸು ಹೀಗೆಂದದ್ದು ಕೇಳಿ ಅರ್ಧ ಸಭೆ ಕಣ್ಣೀರು ಹಾಕಿತಂತೆ.

ಹೀಗೆ ನಮ್ಮ ಅಕ್ಕ ವಿಶ್ವ ಮಿಷನ್ನಿನ ಅಧ್ಯಕ್ಷೆಯಾದಳು.

ಊಟದ ಹೊತ್ತಿನಲ್ಲಿ ವಿಷಯ ತಿಳಿಸಿದೆ. ಅವಳ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು.

“ನೋಡೋಣ ಅಂದ್ರೆ ಇಲ್ಲ ಅಂತ ಇವರಿಗೆ ಗೊತ್ತಾಗಲ್ವಾ? ಹೆಣ್ಣು ನೋಡೋಕೆ ಬಂದವರು ಉಪ್ಪಿಟ್ಟು ತಿಂದು ‘ನೋಡೋಣ’ ಅಂತ ಎದ್ರೆ, ನಾಳೆ ಬಂದು ತಾಳಿ ಕಟ್ತಾರೆ ಅಂತ ಯಾರಾದ್ರೂ ಕಾಯ್ತಾರಾ? ಹೋಗೋ, ಈಗಲೇ ಹೋಗಿ ಸರಿಯಾಗಿ ಹೇಳಿ ಬಾ. ದುನಿಯಾ ನೋಡಿಕೊಳ್ಳೋಕೆ ನನಗೆ ಪುರುಸೊತ್ತಿಲ್ಲ.”

“ತಡಿ ಅಕ್ಕ. ನೀನು ಬಂದ ಕೆಲಸ ಇನ್ನೂ ಆಗಿಲ್ಲ. ಮಧ್ಯಾಹ್ನ ಅಕ್ಕಿ ವಿಷಯ ಎತ್ತು. ಈಗ ನೀನೇ ಯಜಮಾನಿ, ನಿನ್ನ ಮಾತು ಕೇಳ್ತಾರೆ. ಆಮೇಲೆ ಇಳಿದುಬಿಡು.”

ಅಕ್ಕ ಸೀರೆಯ ಮೇಲಿದ್ದ ರಿಬ್ಬನ್ನನ್ನು ನೆಟ್ಟಗೆ ಮಾಡಿಕೊಂಡಳು.

“ಸರಿ. ಫಾತಿಮಾಬಿ ಕೆಲಸ ಆಗೋವರೆಗೆ ಇದು ಇರಲಿ.”

ಮಧ್ಯಾಹ್ನದ ಸಭೆ

ಪಾದ್ರಿಗಳು ನನ್ನ ಕುರ್ಚಿ ಬಿಟ್ಟುಕೊಡಲಿಲ್ಲ. ಎಷ್ಟೋ ವರ್ಷದ ಮೇಲೆ ಸಿಕ್ಕ ಕನ್ನಡ, ಪ್ರಾಣ ಹೋದರೂ ಬಿಡುವುದಿಲ್ಲ ಎಂಬಂತೆ ಕೂತಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಹೋಗಿ ಮುಖ ಊದಿಸಿಕೊಂಡು ಕೂತೆ.

ಸಂಘದ ಖಜಾಂಚಿ ಸ್ಪೀರು ಎಂಬವರು, ಔಷಧಿ ಅಂಗಡಿಯ ಯಜಮಾನರು. ಬಾಟಲಿಗೆ ಚೀಟಿ ಅಂಟಿಸಿದ ಹಾಗೆ ಎಲ್ಲಕ್ಕೂ ನಿಯಮ ಅಂಟಿಸುವ ಮನುಷ್ಯ. ಹೊಸ ನಿಯಮ ಅವರದ್ದೇ. ಮಿಷನ್ನನ್ನು ನಡೆಸುವ ಹಣ ಎಲ್ಲಿಂದ ಎಂದು ಅವರು ಹೊಸ ಅಧ್ಯಕ್ಷೆಯನ್ನು ಕೇಳಿದರು. ಅಕ್ಕ ಚೀಲವನ್ನು ಮೇಜಿನ ಮೇಲಿಟ್ಟು ಹಿಡಿ ಅಕ್ಕಿಯ ಪದ್ಧತಿ ವಿವರಿಸಿದಳು. ಸಭೆಗೆ ಅದು ಬಹಳ ಹಿಡಿಸಿತು. ಸಿಸಿಲಿಯವರು ನಾವು ಗೋಧಿ ಹಾಕುತ್ತೇವೆ ಎಂದರು, ಮಾರ್ಸೇಲ್ಸಿನ ಹೆಂಗಸೊಬ್ಬಳು ಮೀನು ಹಾಕಬಹುದೇ ಎಂದಳು. ವಾಸನೆಯ ವಿಷಯವಾಗಿ ಸ್ವಲ್ಪ ಚರ್ಚೆಯಾಯಿತು.

“ಈ ಅಕ್ಕಿ ಕೊಡುವವರೆಲ್ಲ ಸದಸ್ಯರೇ?” ಎಂದು ಪಾದ್ರಿಗಳಿಂದ ಕೇಳಿಸಿದರು ಸ್ಪೀರು ಸಾಹೇಬರು.

ಅಕ್ಕ ನೆಟ್ಟಗೆ ನಿಂತಳು.

“ಅಲ್ಲ. ನಮ್ಮ ಪಕ್ಕದ ಮನೆ ಫಾತಿಮಾಬಿ ಮುಸಲ್ಮಾನರವಳು. ನಮ್ಮನೆಯವರು ಸಾಯೋ ಹಾಗಿದ್ದಾಗ ನನ್ನ ಜೊತೆ ಕೂತ್ಕೊಂಡಿದ್ದಳು. ಒಂದು ಮಾತೂ ಆಡಲಿಲ್ಲ, ಕೂತಿದ್ದಳು. ಈಗ ನೀವು ಅವಳ ಅಕ್ಕಿ ಬೇಡ ಅಂತೀರಿ. ನೆರೆಯವರ ಸಂಘ ಅಂತ ಹೆಸರಿಟ್ಟುಕೊಂಡು ನೆರೆಯವಳನ್ನೇ ಹೊರಗೆ ನಿಲ್ಲಿಸಿದ್ರೆ ಹೆಂಗೆ? ನೀವು ದೇವರನ್ನ ಅಲ್ಲಾ ಅಂತೀರಿ. ನಿನ್ನೆ ನಾನೇ ಕೇಳಿದೆ. ಅವಳೂ ಅದನ್ನೇ ಅಂತಾಳೆ. ಅವಳ ಮುಖ ನೋಡಿ ಬೇಡ ಅನ್ನೋಕೆ ನನ್ನ ಕೈಲಾಗಲ್ಲ. ಆ ಮಾತು ವಾಪಸ್ ತಗೊಳ್ಳಿ ಅಂತ ಕೇಳೋಕೇ ನಾನು ಇಷ್ಟು ದೂರ ಬಂದಿದ್ದು.”

ಪಾದ್ರಿಗಳು ಇದನ್ನೆಲ್ಲ ಬಹಳ ಭಾರವಾದ ದನಿಯಲ್ಲಿ ಅವರ ಭಾಷೆಯಲ್ಲಿ ಹೇಳಿದರು. ಸ್ಪೀರು ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಕಾರ್ಮೆನಾ ಅಜ್ಜಿಯ ಕಡೆ ನೋಡಿದರು, ಒಂದೇ ಮಾತು ಹೇಳಿದರು.

ಪಾದ್ರಿಗಳು ಅಕ್ಕನತ್ತ ತಿರುಗಿದರು. “ನೋಡೋಣ ಎನ್ನುತ್ತಾರೆ.”

ಅಕ್ಕನ ಮುಖ ಬಾಡಿದ್ದನ್ನು ನಾನು ಮರೆಯಲಾರೆ. ಅವಳು ರಿಬ್ಬನ್ನಿನ ಪಿನ್ನು ತೆಗೆದು ಮೇಜಿನ ಮೇಲಿಟ್ಟಳು. ಅಕ್ಕಿಯ ಚೀಲ ಎತ್ತಿಕೊಂಡಳು. “ಬರ್ತೀನಿ,” ಎಂದು ಕೈ ಮುಗಿದು ಹೊರಗೆ ನಡೆದುಬಿಟ್ಟಳು.

“ಆಕೆಯು ಬರುತ್ತಾಳಂತೆ,” ಎಂದು ಪಾದ್ರಿಗಳು ಸಭೆಗೆ ತಿಳಿಸಿದರು.

ಸಭೆ ಅವಳು ಬರಲಿ ಎಂದು ಕಾಯತೊಡಗಿತು. ಎಲ್ಲರೂ ಮರ್ಯಾದೆಯಿಂದ ಬಾಗಿಲ ಕಡೆ ನೋಡುತ್ತ ಕೂತರು. ಯಾರೋ ಒಬ್ಬರು ಅವಳಿಗೆಂದು ನೀರು ತಂದಿಟ್ಟರು.

ನಾನು ಎದ್ದೆ. ಭದ್ರಾವತಿಯಿಂದ ಇಲ್ಲಿಯವರೆಗೆ ಟಿಕೆಟ್ಟು ಕೊಟ್ಟು ಕರೆಸಿಕೊಂಡ ದುಭಾಷಿಗೆ ಕೊನೆಗೂ ಕೆಲಸ ಬಂದಿತ್ತು. ಆದರೆ ಹೇಳುವುದಾದರೂ ಏನನ್ನು? ನಮ್ಮಲ್ಲಿ ‘ನೋಡೋಣ’ ಅಂದರೆ ಇಲ್ಲ ಎಂದರ್ಥ, ಅದಕ್ಕೇ ಅಕ್ಕ ಎದ್ದು ಹೋದಳು ಎಂದು ಹೇಳಬೇಕು. ಹೇಳಿದರೆ ಬೆಳಿಗ್ಗೆ ಅವಳು ಹೇಳಿದ್ದೂ ಇಲ್ಲ ಎಂದೇ ಆಗುತ್ತದೆ. ಅಧ್ಯಕ್ಷೆಯೂ ಹೋದಳು, ಅಕ್ಕಿಯೂ ಹೋಯಿತು. ಹೇಳದಿದ್ದರೆ ಈ ಜನ ದೀಪ ಹಚ್ಚುವವರೆಗೂ ಬಾಗಿಲು ನೋಡುತ್ತ ಕೂರುತ್ತಾರೆ. ಅಕ್ಕ ಎಲ್ಲೋ ಒಬ್ಬಳೇ ಅಳುತ್ತಿರುತ್ತಾಳೆ ಎನ್ನಿಸಿ ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಹೆಣ್ಣು ನೋಡುವ ಶಾಸ್ತ್ರವನ್ನೂ ಹೇಳಿದೆ, ಉಪ್ಪಿಟ್ಟು ಅಂದರೇನೆಂದೂ ಹೇಳಬೇಕಾಯಿತು. ‘ಬರ್ತೀನಿ’ ಎಂದರೆ ಹೋಗುತ್ತೇನೆ ಎಂದಾಗ ಪಾದ್ರಿಗಳು ತಲೆಯ ಮೇಲೆ ಕೈ ಇಟ್ಟುಕೊಂಡರು. ಮಂಗಳೂರಿನಲ್ಲಿ ಹಾಗೆಂದು ಹೋದವರಿಗಾಗಿ ತಾವು ಎಷ್ಟೋ ಸಂಜೆ ಕಾದಿದ್ದಾಗಿ ಆಗ ಹೇಳಿದರು.

ಸ್ಪೀರು ಸಾಹೇಬರು ಗಾಬರಿಯಾಗಿ ಎದ್ದು ನಿಂತರು. “ನಾನು ನೋಡೋಣ ಎಂದದ್ದು ನೋಡೋಣ ಎಂದೇ,” ಎಂದರು. “ನಿಯಮ ಮಾಡಿದವನು ನಾನು. ಆದರೆ ಸಂಘ ಕಟ್ಟಿದಾಕೆ ಏನು ಮಾಡುತ್ತಿದ್ದಳು ಎಂದು ಅವಳ ಮಗಳನ್ನು ಕೇಳಿ ನೋಡೋಣ ಎಂದೆ.”

ಎಲ್ಲರೂ ಕಾರ್ಮೆನಾ ಅಜ್ಜಿಯನ್ನು ನೋಡಿದರು. ಅಜ್ಜಿ ಹೇಳಿದರು. ಅವರ ಅಮ್ಮ ಮೊದಲು ಹೋಗಿ ಕೂತದ್ದು ರೊಟ್ಟಿ ಅಂಗಡಿಯ ಮೇಲಿನ ಕೋಣೆಯಲ್ಲಿ ಜ್ವರ ಬಂದು ಮಲಗಿದ್ದ ಟ್ಯುನಿಸ್ಸಿನ ಒಬ್ಬ ನಾವಿಕನ ಜೊತೆ. ಅವನು ಎದ್ದು ಓಡಾಡುವಂತಾದ ಮೇಲೆ ಒಂದು ಚೀಲ ಕಡಲೆ ತಂದು ಕೊಟ್ಟನಂತೆ. ಸಂಘಕ್ಕೆ ಬಂದ ಮೊದಲ ಕಾಣಿಕೆ ಅದೇ.

“ಅವನು ಯಾವ ಮತದವನು ಅಂತ ಅಮ್ಮ ಕೇಳಿರಲಿಲ್ಲ,” ಎಂದರು ಅಜ್ಜಿ. “ಕಡಲೆ ಬೇಯುತ್ತದೆಯೇ ಎಂದು ಕೇಳಿದ್ದಳು.”

ಮಾಳಿಗೆ

ಅಕ್ಕ ಅಜ್ಜಿಯ ಮನೆಯ ಮಾಳಿಗೆಯ ಮೇಲಿದ್ದಳು. ಅಕ್ಕಿಯನ್ನು ಬಿಸಿಲಿಗೆ ಹರಡಿ, ಅದರಿಂದ ಬಿಸ್ಕತ್ತಿನ ಚೂರು ಆರಿಸುತ್ತ, ಅಳುತ್ತ ಕೂತಿದ್ದಳು. ಮೇಕೆಯೊಂದು ಅಲ್ಲೂ ಬಂದು ನಿಂತಿತ್ತು. ಪಾದ್ರಿಗಳು ಎರಡನೆಯ ಮಹಡಿಯಲ್ಲೇ ಉಸಿರು ಸಾಲದೆ ಕೂತುಬಿಟ್ಟದ್ದರಿಂದ ಮೇಲೆ ಬಂದವರು ಅಜ್ಜಿ, ಸ್ಪೀರು ಸಾಹೇಬರು, ನಾನು.

“ಫಾತಿಮಾಬಿ ಅಕ್ಕಿ ತಗೋಬಹುದಂತೆ ಅಕ್ಕ,” ಎಂದೆ. “ಯಾರದ್ದಾದರೂ ತಗೋಬಹುದಂತೆ. ನಿಯಮ ತೆಗೆದುಹಾಕಿದ್ರು.”

“ನಿಜವಾಗ್ಲೂ? ನೋಡೋಣ ಅಂತ ಅಂದ್ರಾ, ಆಗಲಿ ಅಂತ ಅಂದ್ರಾ?”

“ಆಗಲಿ ಅಂದ್ರು.”

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ನನಗೆ ಅಷ್ಟೇ ಸಾಕಾಗಿತ್ತು ಮಾರಾಯ ಎಂದಳು. ಸಂತೋಷದಿಂದ ಅವಳಿಗೆ ಮತ್ತೆ ಅಳು ಬಂತು, ಈ ಸಲ ನನಗೂ ಬಂತು.

ಅಜ್ಜಿ ಕಷ್ಟಪಟ್ಟು ಅವಳ ಪಕ್ಕದಲ್ಲಿ ನೆಲಕ್ಕೆ ಕೂತರು. ಬೆಳಿಗ್ಗೆ ಹೇಳಿದ್ದು ಇಲ್ಲ ಎಂದು ಈಗ ತಿಳಿಯಿತು, ಅದಕ್ಕೆ ಬೇಸರವಿಲ್ಲ, ಆದರೆ ಇನ್ನೊಮ್ಮೆ ಕೇಳುತ್ತಿದ್ದೇನೆ ಎಂದರು; ಸ್ಪೀರು ಸಾಹೇಬರು ಅದನ್ನು ಇಂಗ್ಲಿಷಿಗೆ, ನಾನು ಕನ್ನಡಕ್ಕೆ ದಾಟಿಸಿದೆವು. ದಿನ್ಯಾದ ಕೆಲಸ ನೀನು ತೆಗೆದುಕೊಳ್ಳುತ್ತೀಯಾ? ಊರು ಬಿಟ್ಟು ಬರಬೇಕಾಗಿಲ್ಲ, ಅಲ್ಲಿಂದಲೇ ಮಾಡು, ಬರೆಯಲು ಒಬ್ಬ ಕಾರ್ಯದರ್ಶಿಯನ್ನು ನೀನೇ ಆರಿಸಿಕೋ.

ಅಕ್ಕ ಕೈಯಲ್ಲಿದ್ದ ಬಿಸ್ಕತ್ತಿನ ಚೂರನ್ನು ಮೇಕೆಗೆ ಹಾಕಿದಳು. ಆಮೇಲೆ ನನ್ನನ್ನು ಕೇಳಿದಳು. “ಇವರ ಭಾಷೇಲಿ ಹೂಂ ಅನ್ನೋಕೆ ಏನಂತಾರೋ? ಈ ಸಲ ನಾನೇ ಹೇಳ್ತೀನಿ. ಮಧ್ಯೆ ಯಾರೂ ಬೇಡ.”

“ಇವಾ ಅಂತಾರೆ.”

“ಇವಾ?” ಎಂದು ಅಕ್ಕ ಖಾತ್ರಿ ಮಾಡಿಕೊಳ್ಳಲು ಬೆರಳನ್ನು ನನ್ನ ಕಡೆ ತೋರಿಸಿ ಕೇಳಿದಳು. ನಾನು ತಲೆಯಾಡಿಸಿದೆ. ಸ್ಪೀರು ಸಾಹೇಬರು ಅಕ್ಕನ ಬೆರಳನ್ನೂ ನನ್ನ ತಲೆಯನ್ನೂ ನೋಡಿ ಬಹಳ ಸಂತೋಷಪಟ್ಟು ನನ್ನ ಕೈ ಕುಲುಕಿದರು. ಅಕ್ಕ ಅಧ್ಯಕ್ಷೆ ಆಗಲು ಒಪ್ಪಿದಳು, ನನ್ನನ್ನು ಕಾರ್ಯದರ್ಶಿಯಾಗಿ ಆರಿಸಿದಳು ಎಂದು ಅವರು ಕೆಳಗಿಳಿದು ಸಭೆಗೆ ಸಾರಿದ ಮೇಲೆಯೇ ನನಗೆ ತಿಳಿದದ್ದು. ತಿದ್ದಲು ಹೋಗಲಿಲ್ಲ. ತಿದ್ದಿ ನನಗೂ ಸಾಕಾಗಿತ್ತು.

ಮತ್ತೆ ಭದ್ರಾವತಿ

ಅಕ್ಕ ಸ್ಟೇಷನ್ನಿನಿಂದ ನೇರ ಮನೆಗೆ ಬಂದು, ಭಾವನ ಕಡೆ ಒಂದು ಸಲ ನೋಡಿ, ಉಪ್ಪಿನಕಾಯಿಯ ಭರಣಿ ಖಾಲಿಯಾದದ್ದನ್ನು ನೋಡಿ, ಗುಟ್ಟಾಗಿ ಬೇರೆ ಇಟ್ಟಿದ್ದ ಅಕ್ಕಿಯನ್ನು ಹೊರಗೆ ತಂದು ಮೊರಕ್ಕೆ ಸುರಿದಳು. ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದಕ್ಕೆ ಹುಳ ಬಿದ್ದಿತ್ತು. ಸದ್ದು ಕೇಳಿ ಫಾತಿಮಾಬಿ ಬಂದಳು.

“ಇಷ್ಟು ಅಕ್ಕಿ ಯಾಕೆ ಹಿಂಗೆ ಬಿಟ್ರಿ ಅಕ್ಕಾ? ಯಾರದಿದು?”

“ಸಂಘದ್ದು ಕಣೆ.”

ಫಾತಿಮಾಬಿ ಎದುರಿಗೆ ಕಾಲು ಚಾಚಿ ಕೂತಳು. ಒಂದು ಹಿಡಿ ತೆಗೆದು ಅಂಗೈ ಮೇಲೆ ಹರಡಿ ನೋಡಿದಳು.

“ಹೋಗಿದ್ದ ಕೆಲಸ ಆಯ್ತಾ?”

“ಆಯ್ತು.”

“ಏನಿತ್ತು ಅಂಥಾ ಕೆಲಸ, ಸಮುಂದರ್ ದಾಟಿ ಹೋಗೋ ಅಂಥದ್ದು?”

ನಾನು ಅಕ್ಕನ ಮುಖ ನೋಡಿದೆ. ಅಕ್ಕ ಅಕ್ಕಿಯಿಂದ ತಲೆ ಎತ್ತಲಿಲ್ಲ.

“ಒಬ್ಬರಿಗೆ ಒಂದು ಮಾತು ಹೇಳಬೇಕಾಗಿತ್ತು. ಹೇಳಬೇಕಾಗಿಲ್ಲ ಅಂತ ಆಯ್ತು.”

“ಅಷ್ಟಕ್ಕೆ ಹೋಗಿದ್ರಾ?”

“ಹೂಂ, ಅಷ್ಟಕ್ಕೇ.”

“ನಿಮ್ಮ ಸಂಘದವರಿಗೆ ತಲೆ ಸರಿ ಇಲ್ಲ ಅಕ್ಕಾ,” ಎಂದು ಫಾತಿಮಾಬಿ ಮೊರವನ್ನು ತನ್ನ ಕಡೆ ಎಳೆದುಕೊಂಡು ಹುಳ ಆರಿಸತೊಡಗಿದಳು.